ಗಾಳಿ ಬಿತ್ತಿ ತಾಳ ಕೊಯ್ದವನನ್ನು ನೋಡಿ ಕಲಿಯಿರಿ!

ಕನ್ನಡದ ಹುಡುಗರೇ, ಹುಡುಗಿಯರೇ,

ರ‍್ಯಾಪ್ ಅಂದ ಕೂಡಲೇ ನಮ್ಮಲ್ಲಿ ಎರಡು ಗುಂಪುಗಳು ಮೂಗು ಮುರಿಯುತ್ತವೆ. ಮೊದಲನೆಯದು ನಮ್ಮದೇ ಹೋರಾಟದ ಹಿರಿಯರ ಗುಂಪು. "ಅದು ಅಮೆರಿಕದ ಕಸ. ಹರಕು ಪ್ಯಾಂಟು, ತಿರುಗಿಸಿ ಹಾಕಿದ ಟೋಪಿ, ಬಾಯಿಗೆ ಬಂದ ಬೈಗುಳ. ಕನ್ನಡದ ವೇದಿಕೆಗೆ ಅದೆಲ್ಲ ಬೇಡ" ಎನ್ನುತ್ತಾರೆ ಇವರು. ಎರಡನೆಯದು ನಿಮ್ಮದೇ ವಯಸ್ಸಿನವರ ಗುಂಪು. "ರ‍್ಯಾಪ್ ಏನಿದ್ದರೂ ಇಂಗ್ಲಿಷಲ್ಲಿ ಕೇಳಬೇಕು, ಇಲ್ಲಾಂದ್ರೆ ಹಿಂದಿ, ಪಂಜಾಬಿ. ಕನ್ನಡದಲ್ಲಿ ಕಾಮಿಡಿ ಥರ ಇರುತ್ತೆ ಮಗಾ" ಎನ್ನುತ್ತಾರೆ ಇವರು. ಒಬ್ಬರ ಪ್ರಕಾರ ರ‍್ಯಾಪಿಗೆ ಕನ್ನಡದ ಯೋಗ್ಯತೆ ಇಲ್ಲ. ಇನ್ನೊಬ್ಬರ ಪ್ರಕಾರ ಕನ್ನಡಕ್ಕೆ ರ‍್ಯಾಪಿನ ಯೋಗ್ಯತೆ ಇಲ್ಲ. ಒಟ್ಟಿನಲ್ಲಿ ಇಬ್ಬರೂ ಸೇರಿ ಕನ್ನಡದ ಕೈಯಿಂದ ಮೈಕು ಕಿತ್ತುಕೊಂಡಿದ್ದಾರೆ!

ಈ ಎರಡೂ ಗುಂಪಿಗೆ ಒಂದೇ ಏಟಿನಲ್ಲಿ ಉತ್ತರ ಕೊಡುವ ಆಲ್ಬಮ್ ಒಂದಿದೆ. ಅದು ಕನ್ನಡದ್ದಲ್ಲ, ಅಮೆರಿಕದ್ದೂ ಅಲ್ಲ. 1991ರಲ್ಲಿ ಫ್ರಾನ್ಸಿನಲ್ಲಿ ಬಂದದ್ದು. ಹಾಡಿದವನು ಎಂ.ಸಿ. ಸೋಲಾರ್. ಆಲ್ಬಮ್ಮಿನ ಹೆಸರು 'ಕಿ ಸೆಮ್ ಲ ವಾಂ ರೆಕೋಲ್ತ್ ಲ ತೆಂಪೊ'. ಬಾಯಿ ತಿರುಗದಿದ್ದರೆ ಚಿಂತೆಯಿಲ್ಲ, ಅರ್ಥ ಕೇಳಿ. ಫ್ರೆಂಚರಲ್ಲಿ ಒಂದು ಗಾದೆ ಇದೆ: ಗಾಳಿ ಬಿತ್ತಿದವನು ಬಿರುಗಾಳಿ ಕೊಯ್ಯುತ್ತಾನೆ. ನಮ್ಮ 'ಮಾಡಿದ್ದುಣ್ಣೋ ಮಾರಾಯ' ಇದ್ದ ಹಾಗೆ. ಬಿರುಗಾಳಿಗೆ ಅವರ ಮಾತಿನಲ್ಲಿ 'ತಾಂಪೆತ್'. ಈ ಹುಡುಗ ಆ ಒಂದು ಪದವನ್ನು ಕಿತ್ತು ಅದರ ಜಾಗಕ್ಕೆ 'ತೆಂಪೊ' ಕೂರಿಸಿದ. ತೆಂಪೊ ಅಂದರೆ ಲಯ, ತಾಳದ ಓಟ. ಗಾಳಿ ಬಿತ್ತಿದವನು ತಾಳ ಕೊಯ್ಯುತ್ತಾನೆ! ಅಜ್ಜಿಯ ಬಾಯಿಯ ಗಾದೆ ಮೊಮ್ಮಗನ ಬಾಯಲ್ಲಿ ಹೊಸದಾಯಿತು. ಮೊಮ್ಮಗನಾದರೂ ಯಾರು? ಆ ಮಣ್ಣಿನಲ್ಲಿ ಹುಟ್ಟಿದವನೇ ಅಲ್ಲ!

ವಲಸೆಯವರ ಮಗ, ಭಾಷೆಯ ಮಗ

ಸೋಲಾರನ ನಿಜವಾದ ಹೆಸರು ಕ್ಲೋದ್ ಎಂಬಾರಾಲಿ. 1969ರಲ್ಲಿ ಆಫ್ರಿಕಾದ ಸೆನೆಗಲ್ ದೇಶದ ಡಕಾರ್ ನಗರದಲ್ಲಿ ಹುಟ್ಟಿದ. ತಂದೆತಾಯಿ ಚಾಡ್ ದೇಶದವರು. ಹಸುಗೂಸಾಗಿದ್ದಾಗಲೇ ಫ್ರಾನ್ಸಿಗೆ ಬಂದು, ಪ್ಯಾರಿಸ್ಸಿನ ಸುತ್ತಲಿನ ಹೊರವಲಯದಲ್ಲಿ ಬೆಳೆದ. ಪ್ಯಾರಿಸ್ ಎಂದರೆ ಐಫೆಲ್ ಗೋಪುರ, ಅತ್ತರು, ಫ್ಯಾಷನ್ನು ಎಂದುಕೊಂಡವರಿಗೆ ಈ ಹೊರವಲಯ ಗೊತ್ತಿರುವುದಿಲ್ಲ. ಬೆಂಕಿಪೊಟ್ಟಣ ಪೇರಿಸಿಟ್ಟ ಹಾಗೆ ಎತ್ತೆತ್ತರದ ವಸತಿ ಕಟ್ಟಡಗಳು. ಆಫ್ರಿಕಾದಿಂದ, ಅರಬ್ ನಾಡುಗಳಿಂದ ಕೂಲಿಗೆ ಬಂದವರ ಸಂಸಾರಗಳು. ಕೆಲಸವಿಲ್ಲದ ಹುಡುಗರು. ಎಲ್ಲಿಯವನು ಎಂದು ದಿನಕ್ಕೆ ನಾಲ್ಕು ಸಲ ಕೇಳುವ ಪೊಲೀಸರು.

ಅಮೆರಿಕದ ರ‍್ಯಾಪು ಅಲ್ಲಿಗೆ ಬಂದದ್ದು 1980ರ ದಶಕದಲ್ಲಿ. ಇಂಗ್ಲಿಷಿನಲ್ಲಿ ಬಂದಿತು. ಆ ಹುಡುಗರು ಇಂಗ್ಲಿಷನ್ನೇ ಹಿಡಿದುಕೊಂಡು, ನ್ಯೂಯಾರ್ಕಿನ ಹುಡುಗರ ಹಾಗೆ ಮೂಗಿನಲ್ಲಿ ಮಾತಾಡಿಕೊಂಡು ಬದುಕಬಹುದಿತ್ತು. ಹಾಗೆ ಮಾಡಲಿಲ್ಲ. ತಾಳ ಇಟ್ಟುಕೊಂಡು ಭಾಷೆ ಬದಲಿಸಿದರು. ಮಾರ್ಸೆ ನಗರದ ಐಯಾಮ್ ತಂಡ, ಪ್ಯಾರಿಸ್ಸಿನ ಪಕ್ಕದ ಎನ್‌ಟಿಎಂ ತಂಡ, ನಮ್ಮ ಸೋಲಾರ್, ಈ ಮೂವರ ಮೊದಲ ಪೂರ್ಣ ಆಲ್ಬಮ್ಮುಗಳೂ ಬಂದದ್ದು ಅದೇ 1991ರಲ್ಲಿ.

ಸೋಲಾರನ ಆಲ್ಬಮ್ ಸುಮಾರು 4 ಲಕ್ಷ ಪ್ರತಿ ಮಾರಾಟವಾಯಿತು. ಫೋನಿನಲ್ಲಿ ಬೆರಳಾಡಿಸಿ ಕೇಳಿದ ಲೆಕ್ಕ ಅಲ್ಲ ಸ್ವಾಮಿ! ಅಂಗಡಿಗೆ ಹೋಗಿ, ಜೇಬಿನಿಂದ ದುಡ್ಡು ತೆಗೆದು ಕೊಂಡ ಕ್ಯಾಸೆಟ್ಟು, ಸಿ.ಡಿ.ಗಳ ಲೆಕ್ಕ. ರ‍್ಯಾಪ್ ಎಂದರೆ ಗೂಂಡಾ ಹುಡುಗರ ಗಲಾಟೆ ಎನ್ನುತ್ತಿದ್ದ ಮಧ್ಯಮ ವರ್ಗದ ಮನೆಗಳ ಒಳಗೂ ಅದು ಹೋಯಿತು. ಮುಂದೆ 1994ರಲ್ಲಿ 'ಪ್ರೋಜ್ ಕೊಂಬಾ' ಎಂಬ ಎರಡನೆಯ ಆಲ್ಬಮ್ ಬಂದು ಇನ್ನೂ ದೊಡ್ಡ ಹೆಸರು ಮಾಡಿತು. 1995ರಲ್ಲಿ ಫ್ರಾನ್ಸಿನ ದೊಡ್ಡ ಸಂಗೀತ ಪ್ರಶಸ್ತಿಯಾದ 'ವಿಕ್ತ್ವಾರ್ ದ ಲಾ ಮ್ಯೂಜಿಕ್'ನಲ್ಲಿ ವರ್ಷದ ಗಾಯಕ ಎಂಬ ಗೌರವ ಈ ಡಕಾರ್ ಹುಡುಗನ ಪಾಲಾಯಿತು.

ಇನ್ನೊಂದು ಮಾತು. 1993ರಲ್ಲಿ ಅಮೆರಿಕದ ಹೆಸರಾಂತ ರ‍್ಯಾಪರ್ ಗುರು ತನ್ನ 'ಜಾಜ್‌ಮಟಾಜ್' ಆಲ್ಬಮ್ಮಿಗೆ ಸೋಲಾರನನ್ನು ಕರೆದ. (ಗುರು ಅನ್ನುವುದು ಆತನ ಹೆಸರು, ನಮ್ಮ 'ಏನ್ ಗುರೂ' ಅಲ್ಲ!) ಸೋಲಾರ್ ಹೋದ. ಹೋಗಿ ಇಂಗ್ಲಿಷಿನಲ್ಲಿ ಹಾಡಿದನೇ? ಇಲ್ಲ. ಅಮೆರಿಕದವನ ಆಲ್ಬಮ್ಮಿನಲ್ಲಿ ಫ್ರೆಂಚಿನಲ್ಲೇ ಹಾಡಿ ಬಂದ. ತನ್ನ ಭಾಷೆಯಲ್ಲಿ ಗಟ್ಟಿಯಾಗಿ ನಿಂತವನನ್ನು ರ‍್ಯಾಪಿನ ತವರಿನವರೇ ಮನೆಗೆ ಕರೆದರು. "ಇಂಗ್ಲಿಷಿನಲ್ಲಿ ಹಾಡಿದರೆ ಮಾತ್ರ ಪ್ರಪಂಚ ಕೇಳುತ್ತೆ" ಎನ್ನುವವರು ಇದಕ್ಕೆ ಏನು ಹೇಳುತ್ತಾರೆ?

ಭಾಷೆಯ ಬಗ್ಗೆ ಹಾಡಲಿಲ್ಲ, ಭಾಷೆಯಲ್ಲಿ ಹಾಡಿದ

ಈಗ ಅಸಲಿ ವಿಷಯಕ್ಕೆ ಬನ್ನಿ. ಆ ಆಲ್ಬಮ್ಮಿನಲ್ಲಿ ಏನಿತ್ತು? ನನಗೆ ಫ್ರೆಂಚ್ ಬರುವುದಿಲ್ಲ, ನಾನು ಪಿಯುಸಿ ಓದಿ ಪ್ರೆಸ್ಸಿಗೆ ಕೂತವನು. ಆದರೆ ಹಾಡುಗಳ ವಿಷಯ ಏನೆಂದು ಓದಿ, ಕೇಳಿ ತಿಳಿದುಕೊಂಡಿದ್ದೇನೆ. ಒಂದು ಹಾಡು, ಸೋತ ಪ್ರೀತಿಯನ್ನು ಇಸ್ಪೀಟೆಲೆಗಳ ಮಾತಿನಲ್ಲಿ ಹೇಳುತ್ತದೆ. ಇನ್ನೊಂದು, ಫ್ಯಾಷನ್ನಿನ ಹುಚ್ಚಿಗೆ ಬಿದ್ದು ಸಣ್ಣಗಾಗಲು ಒದ್ದಾಡುವ ಹೆಣ್ಣಿನ ಕತೆ. ಮತ್ತೊಂದು, ಕೆಳಕ್ಕೆ ಜಾರುತ್ತಾ ಜಾರುತ್ತಾ ಬೀದಿಗೆ ಬಿದ್ದು ಸತ್ತ ಅರ್ಮಾಂ ಎಂಬ ಮನುಷ್ಯನ ಕತೆ.

ಗಮನಿಸಿದಿರಾ? ಆ ಹಾಡುಗಳ ವಿಷಯ ಪ್ರೀತಿ, ಹಸಿವು, ಶೋಕಿ, ಸಾವು. ಫ್ರೆಂಚ್ ನನ್ನ ತಾಯಿ, ಫ್ರೆಂಚಿಗಾಗಿ ಪ್ರಾಣ ಕೊಡುವೆ ಎಂಬ ಘೋಷಣೆ ಅವುಗಳ ಬಂಡವಾಳ ಆಗಿರಲಿಲ್ಲ. ಬದುಕಿನಲ್ಲಿ ಕಂಡದ್ದನ್ನೆಲ್ಲ ಹೇಳಲು ಫ್ರೆಂಚು ಸಾಕು ಎಂದು ಅವನು ಮಾಡಿ ತೋರಿಸಿದ. ಭಾಷೆಗೆ ಅದಕ್ಕಿಂತ ದೊಡ್ಡ ಜೈಕಾರ ಯಾವುದಿದೆ?

ನಮ್ಮ ಕಡೆ ನೋಡಿ. ಅಕ್ಟೋಬರ್ ತಿಂಗಳು ಬಂದರೆ ಸಾಕು, ರಾಜ್ಯೋತ್ಸವಕ್ಕೆ ಹಾಡುಗಳು ತಯಾರಾಗುತ್ತವೆ. ಕೆಂಪು ಹಳದಿ ಬಾವುಟ, ಎದೆಗೆ ಬಡಿದುಕೊಳ್ಳುವುದು, ಕನ್ನಡ ಕನ್ನಡ ಕನ್ನಡ. ಡಿಸೆಂಬರ್ ಬಂದರೆ ಅದೇ ಹುಡುಗ ತನ್ನ ಪ್ರೀತಿಯನ್ನು ಇಂಗ್ಲಿಷಿನಲ್ಲಿ ಹೇಳುತ್ತಾನೆ, ಸಿಟ್ಟನ್ನು ಹಿಂದಿಯಲ್ಲಿ ಹೇಳುತ್ತಾನೆ. ಹಾಗಾದರೆ ಕನ್ನಡಕ್ಕೆ ಉಳಿದದ್ದೇನು? ಕನ್ನಡದ ಬಗ್ಗೆ ಮಾತಾಡುವುದು ಮಾತ್ರ! ತನ್ನನ್ನು ತಾನೇ ಹೊಗಳಿಕೊಳ್ಳುವುದಕ್ಕೆ ಬಿಟ್ಟರೆ ಬೇರೆ ಯಾವುದಕ್ಕೂ ಬಳಕೆಯಾಗದ ಭಾಷೆ ಷೋಕೇಸಿನ ಗೊಂಬೆಯಾಗುತ್ತದೆ. ವರ್ಷಕ್ಕೊಮ್ಮೆ ಧೂಳು ಒರೆಸಿ ಮತ್ತೆ ಒಳಗಿಡುತ್ತಾರೆ.

ನವೆಂಬರಿನಲ್ಲಿ ಕನ್ನಡದ ಬಗ್ಗೆ ಹಾಡಿದ್ದು ಸಾಕು. ಉಳಿದ ಹನ್ನೊಂದು ತಿಂಗಳು ಕನ್ನಡದಲ್ಲಿ ಹಾಡಿ! ಪೀಣ್ಯದ ಪಾಳಿ ಕೆಲಸದ ಬಗ್ಗೆ ಹಾಡಿ. ಮೆಜೆಸ್ಟಿಕ್ಕಿನ ರಾತ್ರಿಯ ಬಗ್ಗೆ, ಬಾಡಿಗೆ ಮನೆಯ ಅಡ್ವಾನ್ಸಿನ ಬಗ್ಗೆ, ಡೆಲಿವರಿ ಹುಡುಗನ ಬೆನ್ನುನೋವಿನ ಬಗ್ಗೆ, ಟ್ಯಾಂಕರ್ ನೀರಿನ ದಂಧೆಯ ಬಗ್ಗೆ ಹಾಡಿ. ಕೇಳುವ ಕಿವಿಗಳು ಈ ಊರಿನ ಬೀದಿ ಬೀದಿಯಲ್ಲೂ ಇವೆ.

ಕಾನೂನು ಮಾಡಿದ ಕೆಲಸ, ಕಾನೂನು ಮಾಡಲಾಗದ ಕೆಲಸ

ಫ್ರೆಂಚ್ ಸರ್ಕಾರ ಏನು ಮಾಡಿತು ಎನ್ನುವುದೂ ನಿಮಗೆ ಗೊತ್ತಿರಬೇಕು. 1994ರ ಫೆಬ್ರವರಿಯಲ್ಲಿ ಒಂದು ಕಾನೂನು ಬಂತು. ರೇಡಿಯೋ ಕೇಂದ್ರಗಳು, ಜನ ಹೆಚ್ಚು ಕೇಳುವ ಹೊತ್ತಿನಲ್ಲಿ ಹಾಕುವ ಹಾಡುಗಳಲ್ಲಿ ಶೇಕಡಾ 40ರಷ್ಟು ಫ್ರೆಂಚ್ ಹಾಡುಗಳಿರಬೇಕು. ಅದರಲ್ಲಿ ಅರ್ಧದಷ್ಟು ಹೊಸ ಪ್ರತಿಭೆಗಳದ್ದು ಅಥವಾ ಹೊಸದಾಗಿ ಬಂದ ಹಾಡುಗಳಾಗಿರಬೇಕು. 1996ರ ಜನವರಿ 1ರಿಂದ ಇದು ಕಡ್ಡಾಯವಾಯಿತು. ರೇಡಿಯೋ ಮಾಲೀಕರು ಬಾಯಿ ಬಡಿದುಕೊಂಡರು. "ಅಷ್ಟೊಂದು ಹೊಸ ಫ್ರೆಂಚ್ ಹಾಡುಗಳನ್ನು ಎಲ್ಲಿಂದ ತರೋಣ?" ಎಂದರು. ಎಲ್ಲಿಂದ ತಂದರು ಗೊತ್ತೇ? ಆ ಹೊರವಲಯದ ಬೆಂಕಿಪೊಟ್ಟಣದ ಕಟ್ಟಡಗಳಿಂದಲೇ! ಹೊಸ ಫ್ರೆಂಚ್ ಹಾಡು ರಾಶಿ ರಾಶಿ ಬರುತ್ತಿದ್ದದ್ದು ಅಲ್ಲಿಂದ. ಸ್ಕೈರಾಕ್ ಎಂಬ ಕೇಂದ್ರ ಪೂರಾ ರ‍್ಯಾಪಿನ ಕಡೆಗೇ ತಿರುಗಿತು. 1997ರಲ್ಲಿ ಐಯಾಮ್ ತಂಡದ ಆಲ್ಬಮ್ ಒಂದು 10 ಲಕ್ಷ ಪ್ರತಿ ದಾಟಿತು.

ಅದೇ 1994ರ ಆಗಸ್ಟಿನಲ್ಲಿ ಇನ್ನೊಂದು ಕಾನೂನು ಬಂತು. ಸಂಸ್ಕೃತಿ ಸಚಿವ ತೂಬೋಂ ತಂದದ್ದು. ಜಾಹೀರಾತು, ಕರಾರುಪತ್ರ, ಕೆಲಸದ ಜಾಗ, ಎಲ್ಲ ಕಡೆ ಫ್ರೆಂಚ್ ಇರಬೇಕು ಎಂಬ ಕಾನೂನು. ಆ ಮಸೂದೆಯಲ್ಲಿ ಇನ್ನೂ ಒಂದು ಅಂಶ ಇತ್ತು: ಸರ್ಕಾರ ಒಪ್ಪಿದ ಪದಗಳನ್ನೇ ಖಾಸಗಿ ಜನರೂ ಬಳಸಬೇಕು ಎನ್ನುವುದು. ಅಲ್ಲಿನ ಸಂವಿಧಾನ ಮಂಡಳಿ ಅದನ್ನು ಜುಲೈನಲ್ಲೇ ಹೊಡೆದು ಹಾಕಿತು. ಜನರ ಬಾಯಿಗೆ ಸರ್ಕಾರ ಪದ ತುರುಕುವ ಹಾಗಿಲ್ಲ ಎಂದಿತು.

ಇದರಲ್ಲಿ ನಮ್ಮ ಚಳವಳಿಗೆ ಪಾಠ ಇದೆ. ಪದ ತುರುಕುವ ಕಾನೂನು ಬಿತ್ತು. ಜಾಗ ಕೊಡುವ ಕಾನೂನು ನಿಂತಿತು. ನಮ್ಮ ಹಿರಿಯರು ಹುಡುಗರ ಹಾಡಿನಲ್ಲಿ 'ಬಸ್ಸು', 'ಸಿಗ್ನಲ್ಲು' ಎಂದಿದ್ದರೆ ಕೆಂಪು ಪೆನ್ನು ತೆಗೆಯುತ್ತಾರೆ. ಆ ಪೆನ್ನು ಜೇಬಿಗೆ ಹಾಕಿಕೊಂಡು, ಆ ಹಾಡಿಗೆ ಗಾಳಿಯಲ್ಲಿ ಜಾಗ ಕೊಡಿಸಿ ಸ್ವಾಮಿ!

ಇನ್ನೊಂದು ಸತ್ಯವನ್ನೂ ಬಚ್ಚಿಡಬಾರದು. ಸೋಲಾರನ ಆಲ್ಬಮ್ ಬಂದದ್ದು 1991ರಲ್ಲಿ. ಕಾನೂನು ಜಾರಿಯಾದದ್ದು 1996ರಲ್ಲಿ. ಮೊದಲು ಹುಡುಗ ಗೆದ್ದ, ಜನ ಕೊಂಡರು, ಆಮೇಲೆ ಕಾನೂನು ಬಂದು ಒಬ್ಬನ ಗೆಲುವನ್ನು ಸಾವಿರ ಜನರ ದಾರಿ ಮಾಡಿತು. ಕಾನೂನು ಬರಲಿ, ಆಮೇಲೆ ಬರೆಯುತ್ತೇನೆ ಎಂದು ಕೂತಿದ್ದರೆ ಯಾರೂ ಏನೂ ಬರೆಯುತ್ತಿರಲಿಲ್ಲ.

ಕಾನೂನಿಗೆ ಕಳ್ಳದಾರಿಯೂ ಇತ್ತು. ಕೇಂದ್ರಗಳು ಎಣಿಸಿದ ನಾಲ್ಕೇ ನಾಲ್ಕು ಫ್ರೆಂಚ್ ಹಾಡುಗಳನ್ನು ತಿರುಗಿಸಿ ಮುರುಗಿಸಿ ಹಾಕಿ ಲೆಕ್ಕ ತುಂಬಿಸತೊಡಗಿದವು. 2016ರಲ್ಲಿ ಕಾನೂನನ್ನು ತಿದ್ದಿದರು.  ಅತಿ ಹೆಚ್ಚು ಹಾಕುವ ಹತ್ತು ಹಾಡುಗಳು ಆ ಕೋಟಾದ ಅರ್ಧಕ್ಕಿಂತ ಹೆಚ್ಚು ತುಂಬಿದರೆ ಮಿಕ್ಕಿದ್ದು ಲೆಕ್ಕಕ್ಕಿಲ್ಲ ಎಂದರು. ಕಾನೂನು ಮಾಡಿದರೆ ಸಾಲದು, ಬೆನ್ನ ಹಿಂದೆ ನಿಂತು ಕಾಯಬೇಕು. ಕೆನಡಾದಲ್ಲೂ ಫ್ರೆಂಚ್ ಭಾಷೆಯ ರೇಡಿಯೋ ಕೇಂದ್ರಗಳಿಗೆ ಇಂಥ ನಿಯಮ ಇದೆ. ಅಲ್ಲಿ ಜನಪ್ರಿಯ ಹಾಡುಗಳಲ್ಲಿ ಶೇಕಡಾ 65 ಫ್ರೆಂಚಿನದ್ದೇ ಆಗಿರಬೇಕು.

"ಅವರಿಗೆ ಸಾಮ್ರಾಜ್ಯ ಇತ್ತು, ನಮಗೇನಿದೆ?"

ಈ ಪ್ರಶ್ನೆ ಬಂದೇ ಬರುತ್ತದೆ. ಒಪ್ಪುತ್ತೇನೆ. ಫ್ರೆಂಚು ಬಡಪಾಯಿ ಭಾಷೆ ಏನಲ್ಲ. ಆಫ್ರಿಕಾದ ಮೇಲೆ ಸವಾರಿ ಮಾಡಿದ ಭಾಷೆ. ತನ್ನ ಮನೆಯೊಳಗೇ ಬ್ರೆಟನ್, ಆಕ್ಸಿಟನ್ ಮೊದಲಾದ ನುಡಿಗಳನ್ನು ಶಾಲೆಯಲ್ಲಿ ಹೊಡೆದು ಬಾಯಿ ಮುಚ್ಚಿಸಿದ ಭಾಷೆ. ಅದನ್ನು ನಾವು ಕಲಿಯಬೇಕಾಗಿಲ್ಲ. ತುಳು, ಕೊಡವ, ಕೊಂಕಣಿ, ಬ್ಯಾರಿಯ ಹುಡುಗರು ತಮ್ಮ ನುಡಿಯಲ್ಲಿ ರ‍್ಯಾಪ್ ಮಾಡಿದರೆ ಕನ್ನಡದವರು ಮೊದಲು ಚಪ್ಪಾಳೆ ತಟ್ಟಬೇಕು.

ಆದರೆ ಯೋಚಿಸಿ. ಅಷ್ಟು ದೊಡ್ಡ ಭಾಷೆ, 1635ರಿಂದ ಅಕಾಡೆಮಿ ಇಟ್ಟುಕೊಂಡ ಭಾಷೆ, ತನ್ನದೇ ದೇಶದ ರೇಡಿಯೋದಲ್ಲಿ ಇಂಗ್ಲಿಷಿಗೆ ಹೆದರಿ ಕಾನೂನು ಮಾಡಿಕೊಂಡಿತು. ನಾವು? ನಮ್ಮ ನೆಲದ ಎಫ್‌ಎಂ ಕೇಂದ್ರಕ್ಕೆ ಲೈಸೆನ್ಸ್ ಕೊಡುವುದು ದೆಹಲಿ. ಸಂವಿಧಾನದ ಪ್ರಕಾರ ಪ್ರಸಾರ ಎನ್ನುವುದು ಕೇಂದ್ರದ ಪಟ್ಟಿಯಲ್ಲಿದೆ. ವಿಧಾನಸೌಧ ಮನಸ್ಸು ಮಾಡಿದರೂ ಶೇಕಡಾ ಇಷ್ಟು ಕನ್ನಡ ಹಾಕಿ ಎಂದು ರೇಡಿಯೋಗೆ ಕಾನೂನು ಮಾಡುವ ಹಾಗಿಲ್ಲ. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ತಿದ್ದುಪಡಿ ತಂದು ನಾಮಫಲಕದಲ್ಲಿ ಶೇಕಡಾ 60 ಕನ್ನಡ ಎಂದರು. ಸಂತೋಷ. ಕಣ್ಣಿಗೆ 60 ಸಿಕ್ಕಿತು. ಕಿವಿಗೆ ಎಷ್ಟು?

2001ರಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ ಶುರುವಾದದ್ದು ಇದೇ ಬೆಂಗಳೂರಿನಲ್ಲಿ. ಆಗ ನಾನು ಇಪ್ಪತ್ತರ ಆಸುಪಾಸಿನ ಹುಡುಗ. ಕನ್ನಡ ನಾಡಿನ ಆಕಾಶದಲ್ಲಿ ಹಿಂದಿ ಹಾಡು ಮೊಳಗುತ್ತಿತ್ತು. ಕೇಳುಗರು ಕೇಳಿದರು, ಹೋರಾಟಗಾರರು ಬಾಗಿಲು ತಟ್ಟಿದರು, ಕನ್ನಡ ಹಾಡು ಹಾಕಿದರೆ ಜಾಹೀರಾತು ಬರುತ್ತದೆ ಎಂದು ಮಾಲೀಕರಿಗೂ ಗೊತ್ತಾಯಿತು. ಕನ್ನಡ ಹೆಚ್ಚಿತು. ಆದರೆ ಹೆಚ್ಚಿದ್ದು ಸಿನಿಮಾ ಹಾಡು. ಸಿನಿಮಾದ ಬೆನ್ನಿಲ್ಲದೆ ಸ್ವಂತ ಆಲ್ಬಮ್ ಮಾಡುವ ಕನ್ನಡದ ಹುಡುಗನಿಗೆ ಜಾಗ ಎಲ್ಲಿದೆ? ಫ್ರೆಂಚರ ಕಾನೂನಿನಲ್ಲಿ ಅರ್ಧ ಹೊಸಬರಿಗೆ ಎಂದು ಬರೆದಿತ್ತಲ್ಲ, ಅದರ ಬೆಲೆ ಈಗ ಗೊತ್ತಾಯಿತೇ?

ನಮ್ಮದೇ ಕೈಯಲ್ಲಿರುವ ವೇದಿಕೆಗಳನ್ನಾದರೂ ನೋಡೋಣ. ಮೈಸೂರಿನ ಯುವ ದಸರಾ ಕನ್ನಡಿಗರ ತೆರಿಗೆ ದುಡ್ಡಿನಲ್ಲಿ, ಕನ್ನಡದ ನೆಲದಲ್ಲಿ, ಯುವಕರಿಗಾಗಿಯೇ ನಡೆಯುವ ಹಬ್ಬ. 2024ರಲ್ಲಿ ಆ ವೇದಿಕೆಗೆ ಬಂದ ರ‍್ಯಾಪರ್ ಬಾದ್‌ಷಾ, ಹಿಂದಿ-ಪಂಜಾಬಿಯವರು. ಅದೇ ಹಬ್ಬದ ಇನ್ನೊಂದು ಸಂಜೆ ನಮ್ಮ ರವಿ ಬಸ್ರೂರು ಇದ್ದರು, ಇಲ್ಲವೆನ್ನುವುದಿಲ್ಲ. ಬಾದ್‌ಷಾ ಬರಲಿ, ನೂರು ಸಲ ಬರಲಿ. ನನ್ನ ಪ್ರಶ್ನೆ ಒಂದೇ: ರ‍್ಯಾಪ್ ಕಸ ಎಂದು ಗಲ್ಲಿಯ ರಾಜ್ಯೋತ್ಸವದಿಂದ ಕನ್ನಡದ ಹುಡುಗನನ್ನು ಓಡಿಸುವವರೇ, ಆ ಕಸ ಹಿಂದಿಯಲ್ಲಿ ಬಂದಾಗ ಅದಕ್ಕೆ ಅರಮನೆ ಊರಿನ ಕೆಂಪು ಹಾಸು ಹೇಗೆ ಸಿಕ್ಕಿತು?

ನನ್ನ ಪ್ರೆಸ್ಸಿಗೇ ಬಂದದ್ದು ಹೇಳುತ್ತೇನೆ. ರಾಜ್ಯೋತ್ಸವದ ಬ್ಯಾನರು ಮಾಡಿಸಲು ಬಂದ ಸಮಿತಿಯೊಂದರ ಪಟ್ಟಿಯಲ್ಲಿ ಬಡಾವಣೆಯ ಇಬ್ಬರು ಹುಡುಗರ ಕನ್ನಡ ರ‍್ಯಾಪ್ ಇತ್ತು. ಪ್ರೂಫ್ ನೋಡಲು ಬಂದ ಹಿರಿಯರೊಬ್ಬರು ಆ ಸಾಲಿನ ಮೇಲೆ ಗೆರೆ ಎಳೆದು "ಇದು ತೆಗೀರಿ, ಮರ್ಯಾದೆ ಹೋಗುತ್ತೆ" ಎಂದರು. ತೆಗೆದು ಯಾರನ್ನು ಸೇರಿಸಿದರು? ಆರ್ಕೆಸ್ಟ್ರಾದವರನ್ನು. ಆ ಆರ್ಕೆಸ್ಟ್ರಾ ಹತ್ತು ಗಂಟೆಯ ಮೇಲೆ ಹಾಡಿದ್ದು ಹಿಂದಿ ಹಾಡುಗಳನ್ನೇ! ಕನ್ನಡದ ಹುಡುಗ ಸ್ವಂತ ಬರೆದ ಕನ್ನಡ ಸಾಲಿಗೆ ಮರ್ಯಾದೆ ಹೋಗುತ್ತದಂತೆ, ಬೊಂಬಾಯಿಯ ಎರವಲು ಹಾಡಿಗೆ ಹೋಗುವುದಿಲ್ಲವಂತೆ!

ಹಿರಿಯರಿಗೆ ನೆನಪು ಮಾಡುತ್ತೇನೆ. 1987ರಲ್ಲಿ 'ಪ್ರೇಮಲೋಕ' ಬಂದಾಗ ಹಂಸಲೇಖ ಬೀದಿಯ ಮಾತನ್ನು, ಕಾಲೇಜಿನ ಮಾತನ್ನು ಹಾಡಿಗೆ ತಂದರು. ಆಗಲೂ ಮೂಗು ಮುರಿದವರಿದ್ದರು. ಆ ಮೂಗುಗಳು ಮರೆತುಹೋದವು, ಹಾಡುಗಳು ಉಳಿದವು.

ಹುಡುಗರೇ, ಈಗ ನಿಮ್ಮ ಸರದಿ

ಹಿರಿಯರನ್ನು ಬೈದಾಗ ನೀವು ನಕ್ಕಿರಿ. ಈಗ ನಿಮ್ಮ ಮಾತಿಗೆ ಬರುತ್ತೇನೆ, ನಗು ನಿಲ್ಲಿಸಿ.

ಕನ್ನಡ ರ‍್ಯಾಪ್ ಇಲ್ಲವೆಂದಲ್ಲ. ಆಲ್ ಓಕೆ ಇದ್ದಾರೆ, ಎಂ.ಸಿ. ಬಿಜ್ಜು ಇದ್ದಾರೆ, ರಾಹುಲ್ ಡಿಟ್ಟೊ ಇದ್ದಾರೆ. ಚಂದನ್ ಶೆಟ್ಟಿಯನ್ನು 2018ರಲ್ಲಿ ಜನ ಬಿಗ್ ಬಾಸ್ ಗೆಲ್ಲಿಸಿಯೂ ಬಿಟ್ಟರು. ಜನ ಬೇಡವೆಂದಿಲ್ಲ. ಆದರೆ ಇವರ ದಾರಿ ಹಿಡಿದು ಬರುವ ಹೊಸ ಹಾಡುಗಳಲ್ಲಿ ಎಷ್ಟೋ ಪೆಗ್ಗು, ಹುಡುಗಿ, ಕಾರು, ಇಲ್ಲವೇ 'ನನ್ನನ್ನು ಕೆಣಕಬೇಡ' ಎಂಬ ಪೊಳ್ಳು ಬೆದರಿಕೆ. ಭಾಷೆ ಕನ್ನಡ, ತಲೆ ಮಾತ್ರ ಬೇರೆಯವರದ್ದು. ಇಸ್ಪೀಟೆಲೆಯಲ್ಲಿ ಪ್ರೀತಿಯ ಕತೆ ಕಟ್ಟಿದ ಸೋಲಾರನ ಮುಂದೆ ಇದನ್ನು ಇಟ್ಟು ನೋಡಿ.

ಪ್ರಾಸದ ವಿಷಯ ಹೇಳುತ್ತೇನೆ, ಇದು ನನ್ನ ಕಸುಬಿಗೆ ಹತ್ತಿರದ್ದು. ದಿನಾ ಅಕ್ಷರ ಜೋಡಿಸುವವನಿಗೆ ಅಕ್ಷರದ ಕಳ್ಳತನ ಬೇಗ ಕಾಣುತ್ತದೆ. ಕನ್ನಡದ ಕ್ರಿಯಾಪದಗಳಿಗೆಲ್ಲ ಬಾಲ ಒಂದೇ. ಬರ್ತೀನಿ, ಹೋಗ್ತೀನಿ, ತರ್ತೀನಿ, ಕೊಡ್ತೀನಿ. ಸಾಲಿನ ಕೊನೆಗೆ ಈ ಬಾಲ ಅಂಟಿಸಿ ಪ್ರಾಸ ಆಯಿತು ಎನ್ನುವುದು ಸೋಮಾರಿತನ. ಅದಕ್ಕೇ ನಿಮ್ಮ ಗೆಳೆಯರಿಗೆ ಕಾಮಿಡಿ ಥರ ಕೇಳಿಸುವುದು! ನಮ್ಮ ಹಳೆಯ ಕವಿಗಳಿಗೆ ಈ ಮೋಸ ಗೊತ್ತಿತ್ತು. ಅವರು ಪ್ರಾಸವನ್ನು ಸಾಲಿನ ಬಾಲದಲ್ಲಿ ಇಡದೆ ತಲೆಯಲ್ಲಿ ಇಟ್ಟರು. ಪ್ರತಿ ಸಾಲಿನ ಎರಡನೆಯ ಅಕ್ಷರ ಒಂದೇ ಆಗಿರಬೇಕು ಎಂದರು. ಕಟ್ಟು, ಬಿಟ್ಟು, ಸಿಟ್ಟು, ಹೊಟ್ಟೆ, ರೊಟ್ಟಿ, ರಟ್ಟೆ. ಒತ್ತಕ್ಷರ ಬಿದ್ದಲ್ಲಿ ಡ್ರಮ್ಮಿಗೆ ಕೋಲು ಬಿದ್ದ ಹಾಗೆ ಕೇಳಿಸುತ್ತದೆ. ಇದನ್ನು ತಾಳದ ಮೇಲೆ ಕೂರಿಸಿ ನೋಡಿ. ಇಂಗ್ಲಿಷಿನವನ ಹತ್ತಿರ ಈ ಆಯುಧ ಇಲ್ಲ.

ಉತ್ತರ ಕರ್ನಾಟಕದ ಲಾವಣಿಯಲ್ಲಿ ಹರದೇಶಿ, ನಾಗೇಶಿ ಎಂದು ಎರಡು ಪಕ್ಷ. ಒಂದು ಕಡೆಯವರು ಗಂಡು ಹೆಚ್ಚು ಎಂದು ಹಾಡಿದರೆ, ಇನ್ನೊಂದು ಕಡೆಯವರು ಹೆಣ್ಣು ಹೆಚ್ಚು ಎಂದು ಹಾಡಿನಲ್ಲೇ ತಿರುಗೇಟು ಕೊಡುತ್ತಾರೆ. ರಾತ್ರಿಯಿಡೀ ಸವಾಲು, ಜವಾಬು. ಸುತ್ತ ಕೂತ ಜನವೇ ತೀರ್ಪುಗಾರರು. ನೀವು ಅಮೆರಿಕದ ವಿಡಿಯೋದಲ್ಲಿ ಬಾಯಿ ಬಿಟ್ಟು ನೋಡುವ ರ‍್ಯಾಪ್ ಜಗಳವೂ ಹೀಗೇ ಅಲ್ಲವೇ? 'ರ‍್ಯಾಪ್ ಕಂಡುಹಿಡಿದದ್ದೇ ನಾವು' ಎಂದು ಜಂಬ ಕೊಚ್ಚಬೇಡಿ, ಅದು ಸುಳ್ಳು. ಅದನ್ನು ಕಟ್ಟಿದವರು ನ್ಯೂಯಾರ್ಕಿನ ಕರಿಯ ಮತ್ತು ಲ್ಯಾಟಿನ್ ಹುಡುಗರು. ಆದರೆ ಅಜ್ಜನ ಪೆಟ್ಟಿಗೆಯಲ್ಲಿ ಇರುವ ಸಾಮಾನನ್ನು ತೆಗೆದು ಬಳಸಿ. ಸೋಲಾರ್ ಗಾದೆಯನ್ನು ಬಳಸಿದನಲ್ಲ, ಹಾಗೆ.

ಹನುಮಾನ್‌ಕೈಂಡ್ ಹೆಸರು ನಿಮಗೆಲ್ಲ ಗೊತ್ತು. ಮಲಪ್ಪುರಂನಲ್ಲಿ ಹುಟ್ಟಿ, ಅಮೆರಿಕದ ಹ್ಯೂಸ್ಟನ್‌ನಲ್ಲಿ ಬೆಳೆದು, ಬೆಂಗಳೂರಿನಲ್ಲಿ ನೆಲೆ ಕಂಡುಕೊಂಡು, 2024ರಲ್ಲಿ 'ಬಿಗ್ ಡಾಗ್ಸ್' ಹಾಡಿನಿಂದ ಜಗತ್ತನ್ನೇ ಕುಣಿಸಿದ. ಹಾಡು ಇಂಗ್ಲಿಷಿನದ್ದು. ಅದು ಅವನು ಬೆಳೆದ ಭಾಷೆ, ಅವನ ತಪ್ಪೇನೂ ಇಲ್ಲ. ಆದರೆ ಕನ್ನಡದಲ್ಲೇ ಉಂಡು, ಕನ್ನಡದಲ್ಲೇ ಕನಸು ಕಾಣುವ ವಿಜಯನಗರದ ಹುಡುಗ ಹ್ಯೂಸ್ಟನ್ನಿನ ಉಚ್ಚಾರಣೆ ಎರವಲು ತಂದರೆ ಅದು ಅಣಕ. ತನ್ನ ಭಾಷೆಯಲ್ಲಿ ಹಾಡುವವನನ್ನು ಜಗತ್ತು ಕೇಳುತ್ತದೆ. ಬೇರೆಯವರ ನಾಲಿಗೆಯಲ್ಲಿ ಹಾಡುವವನಿಗೆ ಅಸಲಿ ಇರುವಾಗ ನಕಲಿ ಯಾಕೆ ಎನ್ನುತ್ತದೆ.

ಪ್ಲೇಟು ಯಾರ ಹತ್ತಿರ ಇದೆ?

ಸೋಲಾರನ ಕತೆಯಲ್ಲಿ ಕಹಿ ಅಧ್ಯಾಯವೂ ಇದೆ. 1990ರ ದಶಕದ ಕೊನೆಗೆ ಅವನಿಗೂ ಅವನ ಕಂಪನಿ ಪಾಲಿಡಾರ್‌ಗೂ ಜಗಳ ಹತ್ತಿ ಕೋರ್ಟಿಗೆ ಹೋಯಿತು. ಅದರ ಫಲ? ಅವನ ಮೊದಲ ಆಲ್ಬಮ್ಮುಗಳು ಸುಮಾರು ಇಪ್ಪತ್ತು ವರ್ಷ ಅಂಗಡಿಯಿಂದಲೇ ಮಾಯ! ಫ್ರೆಂಚ್ ರ‍್ಯಾಪಿನ ತಳಪಾಯದ ಕಲ್ಲು ಎಂದು ಎಲ್ಲರೂ ಹೊಗಳುವ ಆಲ್ಬಮ್, ಆದರೆ ಹೊಸದಾಗಿ ಕೊಳ್ಳೋಣವೆಂದರೆ ಇಲ್ಲ. 2021ರಲ್ಲಿ ಮತ್ತೆ ಬಿಡುಗಡೆಯಾಯಿತು. ಅಷ್ಟರಲ್ಲಿ ಒಂದು ಇಡೀ ಪೀಳಿಗೆ ಅದನ್ನು ನೆಟ್ಟಗೆ ಕೇಳದೆ ಬೆಳೆದಿತ್ತು.

ಪ್ರೆಸ್ಸಿನವನಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಪುಸ್ತಕ ಬರೆದವರು ನೀವೇ ಇರಬಹುದು, ಆದರೆ ಪ್ಲೇಟು ಯಾರ ಹತ್ತಿರ ಇದೆಯೋ ಎರಡನೆಯ ಮುದ್ರಣ ಅವರ ಕೈಯಲ್ಲಿ. ಹಾಡಿಗೂ ಅಷ್ಟೆ. ಮೂಲ ಮುದ್ರಿಕೆಯ ಹಕ್ಕು ಯಾರದ್ದೋ ಹಾಡು ಅವರದ್ದು. ಮೂರು ಕಾಸು ಮುಂಗಡ ಕೊಟ್ಟು, ಇಂಗ್ಲಿಷಿನಲ್ಲಿ ಬರೆದ ಇಪ್ಪತ್ತು ಪುಟದ ಕರಾರಿಗೆ ಸಹಿ ಹಾಕಿಸಿಕೊಳ್ಳಲು ಬರುವವರ ಮುಂದೆ ಪೆನ್ನು ತೆಗೆಯುವ ಮೊದಲು ವಕೀಲರಿಗೆ ತೋರಿಸಿ. "ಕರಾರು ಕನ್ನಡದಲ್ಲಿ ಕೊಡಿ" ಎಂದು ಕೇಳಿ. ಅದೂ ಕನ್ನಡ ಹೋರಾಟವೇ.

ಯಾರು ಕನ್ನಡಿಗ?

ಕೊನೆಯದಾಗಿ, ನಮ್ಮ ಚಳವಳಿಯ ಒಳಗೇ ಕೇಳಬೇಕಾದ ಮಾತು. ಫ್ರೆಂಚರ ನಾಡಿನಲ್ಲಿ ಫ್ರೆಂಚು ರೇಡಿಯೋದಲ್ಲಿ ಮತ್ತೆ ಕೇಳಿಸುವ ಹಾಗೆ ಮಾಡಿದವರಲ್ಲಿ ಮುಂದಿದ್ದವರು ಯಾರು? ವಲಸೆ ಬಂದವರ ಮಕ್ಕಳು. ಯಾರನ್ನು ಹೊರಗಿನವರು ಎಂದು ಪೊಲೀಸರು ದಿನಾ ತಡೆದು ನಿಲ್ಲಿಸುತ್ತಿದ್ದರೋ ಅವರು! ಅಲ್ಲಿಯೂ ಎಲ್ಲರೂ ಹಾರ ಹಾಕಲಿಲ್ಲ. 1996ರಲ್ಲಿ ಎನ್‌ಟಿಎಂ ತಂಡದವರಿಗೆ ಪೊಲೀಸರನ್ನು ವೇದಿಕೆಯ ಮೇಲೆ ನಿಂದಿಸಿದರೆಂದು ಕೋರ್ಟು ಜೈಲು ಶಿಕ್ಷೆಯನ್ನೇ ವಿಧಿಸಿತ್ತು, ಮೇಲ್ಮನವಿಯಲ್ಲಿ ಅದು ಇಳಿಯಿತು. ಒಂದು ಕಡೆ ರ‍್ಯಾಪರ್‌ಗಳ ಭಾಷೆಗೆ ಕೋಟಾ, ಇನ್ನೊಂದು ಕಡೆ ರ‍್ಯಾಪರ್‌ಗಳಿಗೆ ಕೋರ್ಟು.

ನಮ್ಮ ಊರಿನಲ್ಲೂ ಶಿವಾಜಿನಗರದಲ್ಲಿ ಮನೆಯಲ್ಲಿ ಉರ್ದು ಮಾತಾಡುವ ಹುಡುಗ ಇದ್ದಾನೆ. ಶ್ರೀರಾಂಪುರದಲ್ಲಿ ತಮಿಳು ಮಾತಾಡುವ ಹುಡುಗಿ ಇದ್ದಾಳೆ. ಕಟ್ಟಡ ಕೆಲಸಕ್ಕೆ ಬಿಹಾರದಿಂದ ಬಂದವನ ಮಗ ಸರ್ಕಾರಿ ಶಾಲೆಯಲ್ಲಿ ಕನ್ನಡದಲ್ಲೇ ಓದುತ್ತಿದ್ದಾನೆ. ನಾಳೆ ಇವ ತಾಳ ಹಿಡಿದು ಕನ್ನಡದಲ್ಲಿ ಹಾಡಿದರೆ ಇವನಿಗೆ 'ನಿಮ್ಮೂರು ಯಾವುದು' ಎಂದು ಕೇಳುವಿರಾ, ಮೈಕು ಕೊಡುವಿರಾ? ಮೈಕು ಕೊಡದವನು ಕನ್ನಡಕ್ಕೆ ಒಬ್ಬ ಸೋಲಾರನನ್ನು ನಷ್ಟ ಮಾಡಿದ ಹಾಗೆ. ಭಾಷೆ ಅದರಲ್ಲಿ ದುಡಿದವನದ್ದು. ಹೆಸರಿನಲ್ಲಿ, ಜಾತಿಪತ್ರದಲ್ಲಿ ಕನ್ನಡ ಇಟ್ಟುಕೊಂಡು ಮಕ್ಕಳ ಜೊತೆ ಇಂಗ್ಲಿಷ್ ಮಾತಾಡುವವನಿಗಿಂತ ಆ ಕಟ್ಟಡ ಕೆಲಸದವನ ಮಗ ದೊಡ್ಡ ಕನ್ನಡಿಗ!

ಹಾಗಾದರೆ ಮಾಡಬೇಕಾದದ್ದೇನು?

ಒಂದು: ಎಫ್‌ಎಂ ಲೈಸೆನ್ಸಿನ ಷರತ್ತಿನಲ್ಲೇ ನೆಲದ ಭಾಷೆಯ ಹಾಡಿಗೆ ಪಾಲು ಬರೆಯಬೇಕು, ಅದರಲ್ಲಿ ಅರ್ಧ ಹೊಸಬರಿಗೆ ಇರಬೇಕು. ಇದನ್ನು ದೆಹಲಿಯಲ್ಲಿ ಕೇಳದ ಸಂಸದರಿಗೆ ಮತ ಕೇಳಲು ಬಂದಾಗ ಇದೇ ಪ್ರಶ್ನೆ ಕೇಳಿ.

ಎರಡು: ಯುವ ದಸರಾ, ಜಿಲ್ಲಾ ಉತ್ಸವ, ಕಾಲೇಜು ಹಬ್ಬ, ಗಲ್ಲಿಯ ರಾಜ್ಯೋತ್ಸವ, ಎಲ್ಲ ಕಡೆ ಕನ್ನಡದ ರ‍್ಯಾಪರ್‌ಗೆ ಹೊತ್ತು ಕೊಡಿ. ರಾತ್ರಿ ಹನ್ನೊಂದರ ಖಾಲಿ ಕುರ್ಚಿಯ ಹೊತ್ತಲ್ಲ, ಎಂಟು ಗಂಟೆಯ ತುಂಬಿದ ಮೈದಾನದ ಹೊತ್ತು. ದುಡ್ಡನ್ನೂ ಕೊಡಿ. ಶಾಲು, ಹಾರ, ಹಣ್ಣಿನ ಬುಟ್ಟಿಯಿಂದ ಸ್ಟುಡಿಯೋ ಬಾಡಿಗೆ ಕಟ್ಟಲಾಗುವುದಿಲ್ಲ.

ಮೂರು: ಕೇಳುಗರೇ, ಕೊಂಡು ಕೇಳಿ. ಸೋಲಾರನನ್ನು ಬೆಳೆಸಿದ್ದು ಆ 4 ಲಕ್ಷ ಪ್ರತಿ ಕೊಂಡ ಜನ. ಕನ್ನಡದ ಹುಡುಗನ ಕಾರ್ಯಕ್ರಮಕ್ಕೆ ಪಾಸು ಕೇಳಬೇಡಿ, ಟಿಕೆಟ್ ತೆಗೆದುಕೊಳ್ಳಿ.

ನಾಲ್ಕು: ಬರೆಯುವವರೇ, ಬಾಲದ ಪ್ರಾಸ ಬಿಡಿ, ಎರವಲು ಸಿಟ್ಟು ಬಿಡಿ, ನಿಮ್ಮ ಬೀದಿಯನ್ನು ಬರೆಯಿರಿ. ನಿಮ್ಮ ಹಾಡಿನ ಸಾಲುಗಳನ್ನು ಪುಟ್ಟ ಪುಸ್ತಕ ಮಾಡಿ ವೇದಿಕೆಯ ಕೆಳಗೆ ಮಾರಿ. ಕನ್ನಡದಲ್ಲಿ ಬರೆದ ಸ್ವಂತ ರ‍್ಯಾಪಿನ ಯಾವ ಪುಸ್ತಿಕೆ ಬಂದರೂ ನನ್ನ ಪ್ರೆಸ್ಸಿನಲ್ಲಿ ಕಾಗದದ ಖರ್ಚು ಮಾತ್ರ ತೆಗೆದುಕೊಳ್ಳುತ್ತೇನೆ. ಅಚ್ಚಿನ ಕೂಲಿ ನನ್ನದು. ಇದು ಭಾಷಣವಲ್ಲ, ಬೆಲೆಪಟ್ಟಿ!

ಕನ್ನಡ ಉಳಿಸಿ ಎಂದು ಬೇಡಿಕೊಂಡದ್ದು ಸಾಕು. ಬೇಡುವ ಭಾಷೆಯ ಹಿಂದೆ ಯಾವ ಹುಡುಗನೂ ಹೋಗುವುದಿಲ್ಲ. ಕುಣಿಸುವ, ಕೆಣಕುವ, ಅಳಿಸುವ ಭಾಷೆಯ ಹಿಂದೆ ಊರೇ ಬರುತ್ತದೆ. ಗಾಳಿ ನಮ್ಮದು, ನೆಲ ನಮ್ಮದು. ಬಿತ್ತನೆ ಶುರುಮಾಡಿ.

ಸಿರಿಗನ್ನಡಂ ಗೆಲ್ಗೆ!